ಅರಿಶಿನದ ಕಾಗದ ಕೆಂಪಾಗುತ್ತಲೇ ಇತ್ತು

ಸುಣ್ಣ ತೀರಿದೆ ಎಂದು ನನಗೆ ಗೊತ್ತಾದದ್ದು ದಾರಿಯಲ್ಲಿ. ಜಗಳೂರು ಇನ್ನೂ ಬಂದಿರಲಿಲ್ಲ. ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತು ಡಬ್ಬಿಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡುತ್ತಾ ಬರುವುದು ನನ್ನ ಅಭ್ಯಾಸ. ಉಪ್ಪು ಇತ್ತು, ಅಡುಗೆ ಸೋಡಾ ಇತ್ತು, ಪಟಿಕ ಇತ್ತು, ಅರಿಶಿನ ಇತ್ತು. ಸುಣ್ಣದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರೆ ತಳದಲ್ಲಿ ಒಣಗಿ ಬಿರುಕು ಬಿಟ್ಟ ಹಕ್ಕಳೆ ಮಾತ್ರ.

"ಮೇಡಂ, ಸುಣ್ಣ ಇಲ್ರೀ," ಅಂದೆ.

"ಜಗಳೂರಾಗೆ ತಗೊಂಡ್ರಾತು ಬಿಡಜ್ಜಿ. ಒಂದು ಚಿಟಿಕೆ ಸಾಕು."

ಬಸ್ ಸ್ಟ್ಯಾಂಡಿನ ಎದುರಿನ ಎಲೆಅಡಿಕೆ ಅಂಗಡಿಯಲ್ಲಿ ನಾನೇ ಇಳಿದು ಕೇಳಿದೆ. ಅಂಗಡಿಯವನು ಒಂದು ಸಣ್ಣ ಪ್ಲಾಸ್ಟಿಕ್ ಪಾಕೀಟನ್ನು ಮುಂದಕ್ಕೆ ಎಸೆದ. ಒಳಗೆ ಗಟ್ಟಿ ಮೊಸರಿನಂಥ ಸುಣ್ಣ, ಪಾಕೀಟು ಬಿಗಿಯಾಗಿ ಉಬ್ಬಿಕೊಂಡಿತ್ತು.

"ಗಡಿಗೆ ಸುಣ್ಣ ಇಲ್ವೇನಪ್ಪಾ? ಎಲೆ ಮ್ಯಾಲೆ ಇಷ್ಟು ಹಚ್ಚಿ ಕೊಡು."

"ಯಾವ ಕಾಲದಾಗೆ ಅದೀಯಜ್ಜಿ? ಈಗೆಲ್ಲಾ ಪಾಕೀಟೇ. ಮೂಲಿ ಕಚ್ಚು, ಹಿಂಡು, ಮುಗೀತು."

ಪಾಕೀಟಿನ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಸಣ್ಣ ಅಕ್ಷರ ಇದ್ದರೆ ಬಿಟ್ಟುಬಿಡುತ್ತೇನೆ. ಚೀಲಕ್ಕೆ ಹಾಕಿಕೊಂಡು ಗಾಡಿ ಹತ್ತಿದೆ.

ನಾವು ಇದ್ದದ್ದು ಮೂರು ಜನ. ಮೇಡಂ ಚನ್ನಗಿರಿಯವರು. ಮೊದಲು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಈಗ ಹಳ್ಳಿ ಶಾಲೆಗಳಿಗೆ ಹೋಗಿ ಉಪ್ಪು, ಮೊಟ್ಟೆ, ನಿಂಬೆಹಣ್ಣು, ಅರಿಶಿನ ಇಂಥ ಮನೆ ಸಾಮಾನಿನಲ್ಲೇ ಮಕ್ಕಳ ಕೈಯಿಂದ ಪ್ರಯೋಗ ಮಾಡಿಸುತ್ತಾರೆ. ಗಾಡಿಗೊಬ್ಬ ಡ್ರೈವರ್. ನಾನು ನಲ್ಲೂರಿನವಳು. ಸ್ಟೌ ಉರಿಸುವುದು, ಪಾತ್ರೆ ತೊಳೆಯುವುದು, ಮಕ್ಕಳನ್ನು ಕಾಯುವುದು ನನ್ನ ಕೆಲಸ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮುಗಿಸಿ ಕೊನೆಗೆ ಜಗಳೂರು ಕಡೆಗೆ ಬಂದಿದ್ದೆವು.

ಮೇಡಂ ಪಾಠ ಹತ್ತಾರು. ನನ್ನ ಪಾಠ ಒಂದೇ: ಯಾವುದನ್ನೂ ಬಾಯಿಗೆ ಹಾಕಬಾರದು. ಬಿಳಿ ಪುಡಿ ಕಂಡರೆ ಮಕ್ಕಳ ನಾಲಿಗೆ ತಾನಾಗಿ ಹೊರಗೆ ಬರುತ್ತದೆ. ದೊಡ್ಡವರೇ ಹಾಗೆ. ಸಾರಿಗೆ ಉಪ್ಪು ಹಿಡಿದಿದೆಯೋ ಇಲ್ಲವೋ ಎಂದು ಅಂಗೈಗೆ ಹಾಕಿಕೊಂಡು ನೆಕ್ಕುವುದನ್ನು ನೋಡಿ ಬೆಳೆದ ಮಕ್ಕಳು ಮತ್ತೇನು ಮಾಡುತ್ತಾರೆ? ನ್ಯಾಮತಿಯಲ್ಲಿ ಒಬ್ಬ ಪಟಿಕವನ್ನು ಕಲ್ಲುಸಕ್ಕರೆ ಅಂದುಕೊಂಡು ಬಾಯಿಗೆ ಹಾಕಿ, ಊಟದ ಬೆಲ್ ಹೊಡೆಯುವ ತನಕ ತುಟಿ ಸೊಟ್ಟ ಮಾಡಿಕೊಂಡು ಓಡಾಡಿದ. ಅವತ್ತಿನಿಂದ ನಾನು ಕೈಯಲ್ಲಿ ಸೌಟು ಹಿಡಿದೇ ನಿಲ್ಲುತ್ತಿದ್ದೆ. ಶುರುವಿನಲ್ಲೇ ಹೇಳಿಬಿಡುತ್ತಿದ್ದೆ: "ಬಾಯಿಗೆ ಹೋದ್ರೆ ಬೆನ್ನಿಗೆ ಬೀಳ್ತೈತೆ!" ಯಾರಿಗೂ ಹೊಡೆದದ್ದಿಲ್ಲ. ಆದರೆ ಮಕ್ಕಳು ನಂಬುತ್ತಿದ್ದರು. ಅವರು ನಂಬಿದ್ದೇ ಆ ದಿನ ಮುಳುವಾಯಿತು.

ಶಾಲೆ ಊರಿನಿಂದ ಸ್ವಲ್ಪ ಹೊರಗೆ. ಮುಂದೆ ಬಯಲು, ಆಚೆ ಮೆಕ್ಕೆಜೋಳದ ಹೊಲ. ಹೆಡ್ ಮೇಷ್ಟ್ರು ಎದುರಿಗೆ ಬಂದವರೇ ನೀರಿನ ಮಾತು ತೆಗೆದರು.

"ಮೇಡಂ, ಕರೆಂಟ್ ಇಲ್ಲ, ಬೋರ್ ಓಡಿಲ್ಲ. ಇರೋದು ಈ ಡ್ರಮ್ ಒಂದೇ. ಅಡುಗೆಯವರು ತಮ್ಮ ಬಿಂದಿಗೆ ತುಂಬಿಕೊಂಡವ್ರೆ. ಮಕ್ಕಳ ಬಾಟ್ಲಿ ತುಂಬ್ಸೀವಿ. ಇದು ನಿಮಗೆ ಸಾಕಾಗ್ತೈತಾ?"

"ಸಾಕು ಸಾರ್. ಮಧ್ಯಾಹ್ನ ಕರೆಂಟ್ ಬರುತ್ತಲ್ಲ?"

"ಬಂದ್ರೆ ಬರ್ತೈತೆ," ಅಂದರು ಅವರು, ಆಕಾಶ ನೋಡುತ್ತಾ.

ಹೊನ್ನಾಳಿಯಲ್ಲಿ ಹೊಳೆ ಪಕ್ಕದಲ್ಲೇ ಇತ್ತು, ನೀರಿನ ಯೋಚನೆ ಬಂದಿರಲಿಲ್ಲ. ಇಲ್ಲಿಯೂ ಬರಲಿಲ್ಲ, ಅದೇ ತಪ್ಪು. ಮೊದಲ ಪ್ರಯೋಗಕ್ಕೆ ನಾನು ಆ ಡ್ರಮ್ಮಿಗೆ ಅರ್ಧ ಮೂಟೆ ಕಲ್ಲುಪ್ಪು ಸುರಿದೆ. ಈ ಮಕ್ಕಳು ಸಮುದ್ರ ನೋಡಿಲ್ಲ, ಇಲ್ಲೇ ಒಂದು ಸಮುದ್ರ ಮಾಡೋಣ ಎಂದು ಮೇಡಂ ಆಸೆ. ಕೋಲು ಹಾಕಿ ತಿರುಗಿಸುತ್ತಾ ಹೋಗಬೇಕು. ಮೊದಮೊದಲು ಉಪ್ಪು ಬೇಗ ಕರಗುತ್ತದೆ, ಆಮೇಲೆ ನಿಧಾನ, ಕೊನೆಗೆ ಎಷ್ಟು ತಿರುಗಿಸಿದರೂ ತಳದಲ್ಲಿ ಉಳಿದುಬಿಡುತ್ತದೆ. ಅಲ್ಲಿಗೆ ನೀರಿನ ಹೊಟ್ಟೆ ತುಂಬಿತು ಅಂತ. ಮೇಡಂ ಮೊಟ್ಟೆ ಬಿಟ್ಟರು. ಅದು ತೇಲಿ ಬೋಳು ತಲೆ ತೋರಿಸಿತು.

"ಮೊಟ್ಟಿ ಈಜ್ತೈತೆ ಸಾರ್!" ಎಂದು ಒಬ್ಬ ಕೂಗಿದ. "ನಮ್ಮ ಹೆಡ್ ಮೇಷ್ಟ್ರ ತಲಿ ಕಂಡಂಗೆ ಕಾಣ್ತೈತೆ" ಎಂದು ಹಿಂದಿನಿಂದ ಯಾವಳೋ ಮೆಲ್ಲಗೆ ಅಂದಳು. ಎರಡು ಜಡೆಯ ಹುಡುಗಿ, ಐದನೇ ಕ್ಲಾಸು. ಎಲ್ಲದಕ್ಕೂ ಮೊದಲು ಕೈ ಎತ್ತುವವಳು. ನಾನು ಸೌಟು ತೋರಿಸಿದೆ. ಅವಳು ನಾಲಿಗೆ ಕಚ್ಚಿಕೊಂಡಳು.

ಎರಡನೆಯದು ಬಾಟಲಿಯ ಆಟ. ಯಾರೋ ದಾನಿಗಳು ಕೊಟ್ಟದ್ದರಿಂದ ಎಲ್ಲರ ನೀರಿನ ಬಾಟಲಿಯೂ ಒಂದೇ ನೀಲಿ ಬಣ್ಣ. ಅರ್ಧ ಮಕ್ಕಳು ತಮ್ಮ ಬಾಟಲಿಗೆ ಉಪ್ಪು ಹಾಕಿ ಕುಲುಕಬೇಕು, ಅರ್ಧ ಮಕ್ಕಳು ಹಾಗೇ ಇಡಬೇಕು. ಆಮೇಲೆ ಬಾಟಲಿ ಅದಲು ಬದಲು ಮಾಡಿಕೊಂಡು, ಯಾವುದು ಉಪ್ಪಿನದು, ಯಾವುದು ಸಿಹಿಯದು ಎಂದು ನಾಲಿಗೆಗೆ ಹಾಕದೆ ಪತ್ತೆ ಮಾಡಬೇಕು. ಅದಲು ಬದಲು ಮಾಡಿ ಅಂದರೆ ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಳ್ಳಲೇ ಇಲ್ಲ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಇಬ್ಬರಿಗೂ ಜಗಳ ಹತ್ತುತ್ತದೆ ಎಂದು ಮನೆಯಲ್ಲಿ ಹೇಳಿಕೊಟ್ಟಿರುತ್ತಾರಲ್ಲ. ನಾನೂ ನನ್ನ ಮಕ್ಕಳಿಗೆ ಅದನ್ನೇ ಹೇಳಿದ್ದೆ. ಎಲ್ಲರೂ ಬಾಟಲಿಗಳನ್ನು ಜಗುಲಿಯ ಮೇಲೆ ಇಟ್ಟರು, ಬೇಕಾದವರು ಬೇಕಾದ್ದನ್ನು ಎತ್ತಿಕೊಂಡರು, ಮತ್ತೆ ಇಟ್ಟರು. ಒಂದು ಗಳಿಗೆಯಲ್ಲಿ ಯಾರದು ಯಾವುದು ಎನ್ನುವುದೇ ಕಲಸಿಹೋಯಿತು. ಮೇಡಂಗೆ ಅದೇ ಬೇಕಿತ್ತು. ಪ್ರತಿ ಬಾಟಲಿಯಿಂದ ಒಂದೊಂದು ಹನಿ ಸ್ಲೇಟಿನ ಮೇಲೆ ಬಿಟ್ಟು ಬಿಸಿಲಿಗೆ ಇಡಿಸಿದರು. ಒಣಗಿದ ಮೇಲೆ ಬಿಳಿ ಕಲೆ ಉಳಿದರೆ ಅದು ಉಪ್ಪಿನದು.

ಹನಿ ಒಣಗುವಷ್ಟರಲ್ಲಿ ಮೂರನೆಯದು ಆಯಿತು. ಉಪ್ಪು ನೀರನ್ನು ನಾನು ಸ್ಟೌ ಮೇಲೆ ಕಾಯಿಸಿ ಲೋಟಗಳಿಗೆ ಬಗ್ಗಿಸಿದೆ. ಮಕ್ಕಳು ಪೆನ್ಸಿಲ್ಲಿಗೆ ದಾರ ಕಟ್ಟಿ ಒಳಗೆ ಇಳಿಬಿಟ್ಟು ಕಿಟಕಿಯಲ್ಲಿಟ್ಟರು. ಅದು ತಕ್ಷಣ ಆಗುವುದಲ್ಲ. ನೀರು ಆರುತ್ತಾ ಆರುತ್ತಾ ದಾರಕ್ಕೆ ಉಪ್ಪಿನ ಹರಳು ಕಟ್ಟಬೇಕು. ಅಲುಗಿಸದೆ ಬಿಡಬೇಕು.

ನಾಲ್ಕನೆಯದು ಅರಿಶಿನದ ಕಾಗದ. ಅರಿಶಿನ ಕಲಸಿ ಕಾಗದದ ಪಟ್ಟಿಗೆ ಬಳಿದು ಜಗುಲಿಯ ಕಲ್ಲಿನ ಮೇಲೆ ಸಾಲಾಗಿ ಒಣಗಿಸಿದ್ದೆವು. ನಿಂಬೆರಸ ಮುಟ್ಟಿಸಿದರೆ ಹಳದಿ ಹಳದಿಯೇ. ಉಪ್ಪು ನೀರು ಮುಟ್ಟಿಸಿದರೂ ಹಳದಿಯೇ. ಸೋಡಾ ಮುಟ್ಟಿಸಿದರೆ ಸ್ವಲ್ಪ ಕಂದು. ಸುಣ್ಣ ಮುಟ್ಟಿಸಿದರೆ ಮಾತ್ರ ಕೆಂಪು, ಆರತಿ ತಟ್ಟೆಯ ನೀರಿನ ಹಾಗೆ.

"ಅಜ್ಜಿ, ಸುಣ್ಣ ಎಲ್ಲಿ?"

ನಾನು ಸ್ಟೌ ಆರಿಸುತ್ತಿದ್ದೆ. "ಚೀಲದಾಗೈತೆ ನೋಡ್ರಿ."

"ನಾನು ತೆಗೀತೀನಿ ಮೇಡಂ!" ಎರಡು ಜಡೆಯವಳು ಆಗಲೇ ಚೀಲಕ್ಕೆ ಕೈ ಹಾಕಿದ್ದಳು. ಪಾಕೀಟು ತೆಗೆದಳು. ಅಂಥವನ್ನು ಅವಳು ಮನೆಯಲ್ಲಿ ನೋಡಿರಬೇಕು, ಅಭ್ಯಾಸದ ಮೇಲೆ ಹಾಗೇ ಮೂಲೆಯನ್ನು ಹಲ್ಲಿನ ಹತ್ತಿರ ಒಯ್ದಳು. ಅಷ್ಟರಲ್ಲಿ ನನ್ನ ಕಡೆ ನೋಡಿದಳು. ನಾನು ನೋಡುತ್ತಿದ್ದೆ. ತಕ್ಷಣ ಬಾಯಿಂದ ದೂರ ಮಾಡಿ, ನೋಡಜ್ಜಿ ಕಚ್ಚಲಿಲ್ಲ ಎನ್ನುವ ಹಾಗೆ ನಕ್ಕು, ಮುಖದ ಮುಂದೆ ಹಿಡಿದು ಎರಡೂ ಕೈಯಿಂದ ಒತ್ತಿದಳು.

ಪಟ್ ಅಂತ ಸದ್ದಾಯಿತು.

ಎಡಗಡೆ ಮುಖವೆಲ್ಲಾ ಬೆಳ್ಳಗಾಯಿತು. ಮಕ್ಕಳು ಹೋ ಎಂದು ನಕ್ಕರು. ಆಮೇಲೆ ಅವಳು ಕೂಗಿದಳು. ಅಂಥ ಕೂಗು ನಾನು ಕುರಿ ಕೊಯ್ಯುವಲ್ಲಿಯೂ ಕೇಳಿಲ್ಲ. ಎರಡೂ ಕೈಯಿಂದ ಕಣ್ಣು ಉಜ್ಜತೊಡಗಿದಳು.

ನಾನು ಹೇಗೆ ಅಲ್ಲಿಗೆ ಹೋದೆನೋ ತಿಳಿಯದು. ಮಂಡಿ ನೋವಿನವಳು ನಾನು. ಕೈ ಹಿಡಿದು ಎಳೆದೆ, ಪಕ್ಕದಲ್ಲೇ ಇದ್ದ ಡ್ರಮ್ಮಿಗೆ ಚೆಂಬು ಅದ್ದಿ ಮುಖಕ್ಕೆ ಎರಚಿದೆ. ಅವಳ ಕೂಗು ಇಮ್ಮಡಿಯಾಯಿತು.

"ಅಜ್ಜಿ! ಅದು ಉಪ್ಪು ನೀರು!" ಮೇಡಂ ಕಿರುಚಿದರು.

ನನ್ನ ಕೈ ನಿಂತುಬಿಟ್ಟಿತು. ಕಣ್ಣಿಗೆ ಸುಣ್ಣ ಬಿದ್ದ ಮಗುವಿಗೆ ನಾನು ಉಪ್ಪು ನೀರು ಎರಚಿದ್ದೆ, ಅದೂ ಕೈಯಾರೆ ಕರಗಿಸಿದ ಉಪ್ಪು. ಕಣ್ಣು ಹೋಯಿತು, ನಾನೇ ಕಳೆದೆ ಅಂದುಕೊಂಡೆ. ಚೆಂಬು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಎಷ್ಟು ಹೊತ್ತೋ, ಈಗ ನೆನೆದರೆ ಬಹಳ ಹೊತ್ತು ಅನ್ನಿಸುತ್ತದೆ.

ಅಡುಗೆಯಾಕೆ ಬಿಂದಿಗೆ ಎತ್ತಿಕೊಂಡು ಓಡಿಬಂದಳು. "ಅಜ್ಜಿ, ಸಿಹಿ ನೀರು, ಹಾಕ್ರಿ!" ಹುಡುಗಿಯನ್ನು ಜಗುಲಿಯ ಅಂಚಿನಲ್ಲಿ ಮಲಗಿಸಿ ತಲೆ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅಷ್ಟರಲ್ಲಿ ಮೇಡಂ ಫೋನಿನಲ್ಲಿ ಯಾರೋ ಗುರುತಿನ ಡಾಕ್ಟರನ್ನು ಹಿಡಿದಿದ್ದರು. ಸಿಗ್ನಲ್ ಸಿಗುವುದು ಗೇಟಿನ ಹತ್ತಿರ ಮಾತ್ರ. ಅಲ್ಲಿಂದಲೇ ಕೂಗಿ ಹೇಳುತ್ತಿದ್ದರು.

"ಕೆಟ್ಟ ಕಣ್ಣು ಕೆಳಗೆ ಬರೋ ಹಂಗೆ ಮಲಗ್ಸಿ! ಒಳ್ಳೆ ಕಣ್ಣಿಗೆ ಹರೀಬಾರ್ದು! ರೆಪ್ಪೆ ಬಿಡಿಸಿ ಹಿಡೀರಿ, ತೊಳೀತಾನೇ ಇರ್ರಿ, ನಿಲ್ಲಿಸ್ಬೇಡಿ!"

ರೆಪ್ಪೆ ಬಿಡಿಸುವುದು ಅಂದರೆ ಸುಲಭವಲ್ಲ. ಆ ಹುಡುಗಿ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಅಡುಗೆಯಾಕೆ ತೋಳು ಹಿಡಿದಳು, ಡ್ರೈವರ್ ಕಾಲು ಹಿಡಿದ. ನಾನು ಎರಡು ಬೆರಳಿನಿಂದ ರೆಪ್ಪೆ ಅಗಲಿಸಿದೆ. ಕರಿಗುಡ್ಡೆಯ ಸುತ್ತ ಬೆಳ್ಳಗೆ ಕೆನೆಯ ಹಾಗೆ ಕಂಡಿತು. ಒಂದೇ ಕೈಯಿಂದ ಹೊಯ್ದ ನೀರು ಕಣ್ಣಿಗಿಂತ ಮೂಗಿಗೇ ಹೆಚ್ಚು ಹೋಯಿತು. ಹುಡುಗಿ ಕೆಮ್ಮಿದಳು. ಹೆಡ್ ಮೇಷ್ಟ್ರು ಚೆಂಬು ಕಸಿದುಕೊಂಡು ಅವರೇ ಹೊಯ್ಯತೊಡಗಿದರು.

ಬಿಂದಿಗೆ ಖಾಲಿಯಾಯಿತು.

"ನೀರು!" ಅಂದರು ಮೇಷ್ಟ್ರು. ಸುತ್ತ ನೋಡಿದರು. ಡ್ರಮ್ಮಿನ ತುಂಬ ನೀರು, ನಾನು ಮಾಡಿದ ಸಮುದ್ರ. ಡ್ರೈವರ್ ಊರ ಕಡೆ ಗಾಡಿ ಓಡಿಸಿದ. ಅವನು ಬರುವ ತನಕ ಏನು? ನನ್ನ ಕಣ್ಣು ಜಗುಲಿಯ ಮೇಲಿನ ನೀಲಿ ಬಾಟಲಿಗಳ ಮೇಲೆ ಬಿತ್ತು. ಅರ್ಧ ಉಪ್ಪು, ಅರ್ಧ ಸಿಹಿ. ಯಾವುದು ಯಾವುದು ಎಂದು ದೇವರಿಗೂ ಗೊತ್ತಿರಲಿಲ್ಲ. ಸ್ಲೇಟಿನ ಮೇಲಿನ ಹನಿ ಇನ್ನೂ ಒಣಗಿರಲಿಲ್ಲ, ಒಣಗಿದ್ದರೂ ಯಾವ ಹನಿ ಯಾವ ಬಾಟಲಿಯದು ಎಂದು ಯಾರಿಗೆ ನೆನಪು?

"ಕೊಡ್ರೋ ಇಲ್ಲಿ!" ಅಂದೆ. ಮೊದಲ ಬಾಟಲಿಯ ಮುಚ್ಚಳ ತೆಗೆದು ಬಾಯಿಗೆ ಹಾಕಿಕೊಂಡೆ. ಉಪ್ಪು. ಉಗಿದೆ, ಎಸೆದೆ. ಎರಡನೆಯದು ಸಿಹಿ. ಮೇಷ್ಟ್ರ ಕೈಗೆ ಕೊಟ್ಟೆ. ಮೂರನೆಯದು ಉಪ್ಪು. ನಾಲ್ಕನೆಯದೂ ಉಪ್ಪು. ಸಾಲು ನಿಂತ ಮಕ್ಕಳು ಬಾಟಲಿ ಕೊಡುತ್ತಾ ಹೋದರು, ಈಗ ಯಾರೂ ಕೆಳಗೆ ಇಡಲಿಲ್ಲ, ಕೈಯಿಂದ ಕೈಗೇ ಕೊಟ್ಟರು. ನಾಲ್ಕಾರು ಬಾಟಲಿ ಆಗುವಷ್ಟರಲ್ಲಿ ನನ್ನ ನಾಲಿಗೆ ಕೆಟ್ಟುಹೋಯಿತು. ಸಿಹಿಯೂ ಉಪ್ಪಾಗಿಯೇ ಕಾಣತೊಡಗಿತು. ಒಂದನ್ನು ಎರಡು ಸಲ ನೋಡಿದೆ. ಗೊತ್ತಾಗಲಿಲ್ಲ. ಆ ಹೊತ್ತಿಗೆ ಬಂದ ಹೆದರಿಕೆ ಇದೆಯಲ್ಲ, ಅದನ್ನು ನಾನು ಹೆರಿಗೆಯಲ್ಲೂ ಕಂಡಿಲ್ಲ. ಪಕ್ಕದಲ್ಲಿದ್ದ ಒಬ್ಬ ಹುಡುಗನಿಗೆ "ನೀನು ನೋಡೋ" ಅಂದೆ.

ಅವನು ಹಿಂದಕ್ಕೆ ಸರಿದ. "ಬಾಯಿಗೆ ಹಾಕಬಾರ್ದು ಅಂದಿದ್ಯಲ್ಲಜ್ಜಿ, ಬೆನ್ನಿಗೆ ಬೀಳ್ತೈತೆ ಅಂತ."

"ನಿನ್ ಬಾಯಿಗಿಷ್ಟು! ನೆಕ್ಕೋ!"

ನೆಕ್ಕಿದ. "ಸಿಹಿ" ಅಂದ. ಆಮೇಲೆ ಮಕ್ಕಳೇ ರುಚಿ ನೋಡಿ ಕೊಡತೊಡಗಿದರು.

ಅಷ್ಟರಲ್ಲಿ ಸುದ್ದಿ ಹೊಲಕ್ಕೆ ಮುಟ್ಟಿ ಹುಡುಗಿಯ ತಾಯಿ ಓಡಿಬಂದಳು. ಮನೆಯಿಂದ ಅವಳ ನಾದಿನಿ, ಕಂಕುಳಲ್ಲಿ ಹಾಲು ಕುಡಿಯುವ ಕೂಸು, ಕೈಯಲ್ಲಿ ತುಪ್ಪದ ಬಟ್ಟಲು. ಹಿಂದೆ ಬೈಕಿನಲ್ಲಿ ಹುಡುಗಿಯ ಚಿಕ್ಕಪ್ಪ.

"ಬಿಡ್ರೀ ನನ್ ಮಗಳನ್ನ! ಏನ್ ಮಾಡೀರಿ? ತುಪ್ಪ ಹಾಕಿ ಮೊದ್ಲು, ಉರಿ ತಣ್ಣಗಾಗ್ಲಿ."

"ತುಪ್ಪ ಬ್ಯಾಡ," ಅಂದಳು ನಾದಿನಿ, "ಎದೆ ಹಾಲು ಹಿಂಡ್ತೀನಿ, ಅದು ತಂಪು."

"ಏನೂ ಬ್ಯಾಡ," ಅಂದ ಚಿಕ್ಕಪ್ಪ, "ಎತ್ರಿ, ಜಗಳೂರಿಗೆ ಒಯ್ತೀನಿ."

ನನ್ನ ಮಕ್ಕಳ ಕಣ್ಣು ಕೆಂಪಾದಾಗ ನಾನೂ ಎದೆ ಹಾಲು ಬಿಟ್ಟವಳೇ. ಬೈಕಿನಲ್ಲಿ ಒಯ್ಯುವುದೂ ಸರಿ ಅನ್ನಿಸಿತು. ಆಸ್ಪತ್ರೆ ಅಂದರೆ ಆಸ್ಪತ್ರೆ. ನನಗೇನು ಗೊತ್ತು? ಕೊಟ್ಟುಬಿಟ್ಟರೆ ಮುಂದಿನದು ಅವರದು, ನನ್ನ ಕೈ ತೊಳೆದ ಹಾಗೆ. ಹುಡುಗಿಯ ತಲೆಯನ್ನು ತೊಡೆಯಿಂದ ಎತ್ತಿಯೂ ಆಗಿತ್ತು.

ಆಗ ಕೆಳಗೆ ಕೆಂಪು ಕಂಡಿತು.

ಜಗುಲಿಯ ಕಲ್ಲಿನ ಮೇಲೆ, ಹುಡುಗಿಯ ಕೆನ್ನೆಯಿಂದ ನೀರು ಹರಿದು ಹೋದ ದಾರಿಯಲ್ಲಿ, ಕೆಂಪು. "ರಕ್ತ!" ಅಂದೆ. "ಮೇಡಂ, ಕಣ್ಣಾಗೆ ರಕ್ತ ಬರ್ತೈತೆ!" ತಾಯಿ ಬಾಯಿ ಬಡಿದುಕೊಂಡಳು.

ಮೇಡಂ ಗೇಟಿನಿಂದ ಓಡಿಬಂದು ಬಗ್ಗಿ ನೋಡಿದರು. ಕಲ್ಲಿಗೆ ಅಂಟಿದ್ದ ಒಂದು ಪಟ್ಟಿಯನ್ನು ಬೆರಳಿನಿಂದ ಬಿಡಿಸಿ ಎತ್ತಿದರು.

"ರಕ್ತ ಅಲ್ಲಜ್ಜಿ. ಅರಿಶಿನದ ಕಾಗದ." "ಕಣ್ಣಿಂದ ಹರಿದ ನೀರು ತಾಗಿ ಕೆಂಪಾಗೈತೆ. ಅಂದ್ರೆ ಸುಣ್ಣ ಇನ್ನೂ ಹೋಗಿಲ್ಲ. ಒಳಗೆ ಇನ್ನೂ ಸುಡ್ತಾನೇ ಐತೆ."

ಒಣಗಿದ ಹೊಸ ಪಟ್ಟಿಯೊಂದನ್ನು ತಂದು ಹುಡುಗಿಯ ಕೆನ್ನೆಗೆ ಹಿಡಿದರು. ನೋಡುತ್ತಿದ್ದ ಹಾಗೆ ಹಳದಿ ಕೆಂಪಾಯಿತು. ತಾಯಿಯೂ ನೋಡಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆರತಿ ನೀರು ಕಲಸದ ಹೆಂಗಸು ಯಾರಿದ್ದಾಳೆ?

"ಇದು ಹಳದಿ ಉಳಿಯೋ ತನಕ ನಾನು ಬಿಡೋದಿಲ್ಲ ತಾಯಿ," ಅಂದೆ. "ಆಮ್ಯಾಲೆ ಎಲ್ಲಿಗೆ ಬೇಕಾದ್ರೂ ಒಯ್ಯಿ."

ಅವಳು ನನ್ನ ಬೆನ್ನಿಗೆ ಮುಷ್ಟಿಯಿಂದ ಗುದ್ದಿದಳು. ಮೊದಲ ಗುದ್ದು ಜೋರಾಗಿತ್ತು. ಹುಡುಗಿಯ ತಲೆಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ರೆಪ್ಪೆ ಬಿಡಿಸಿದೆ. ಗುದ್ದುತ್ತಾ ಗುದ್ದುತ್ತಾ ಅವಳು ಪಕ್ಕದಲ್ಲೇ ಕುಸಿದು ಕುಳಿತು, ಮಗಳ ಕೈ ಹಿಡಿದುಕೊಂಡಳು. ತುಪ್ಪದ ಬಟ್ಟಲು ನಾದಿನಿಯ ಕೈಯಲ್ಲೇ ಉಳಿಯಿತು.

ಡ್ರೈವರ್ ಎರಡು ಕೊಡ ನೀರು ತಂದ. ಹಿಂದೆಯೇ ಊರಿನ ಹೆಂಗಸರು ಬಿಂದಿಗೆ ಹೊತ್ತು ಬಂದರು. ಹೊಯ್ಯುವುದು, ಪಟ್ಟಿ ಹಿಡಿಯುವುದು, ಮತ್ತೆ ಹೊಯ್ಯುವುದು. ಪಟ್ಟಿ ಕೆಂಪಾಗುತ್ತಲೇ ಇತ್ತು. ಆಮೇಲೆ ಇಟ್ಟಿಗೆಯ ಬಣ್ಣ ಬಂತು. ಆಮೇಲೆ ಅಂಚಿನಲ್ಲಷ್ಟೇ. ಕೊನೆಗೊಂದು ಪಟ್ಟಿ ಒದ್ದೆಯಾಯಿತೇ ಹೊರತು ಬಣ್ಣ ತಿರುಗಲಿಲ್ಲ. ಮೇಡಂ ಅದನ್ನು ಬಿಸಿಲಿಗೆ ಹಿಡಿದು ನೋಡಿ, ತಾಯಿಯ ಕೈಗೆ ಕೊಟ್ಟರು. "ಹೊರಡಿ," ಅಂದರು.

ಗಾಡಿಯಲ್ಲಿಯೂ ಹೊಯ್ಯುತ್ತಲೇ ಹೋದೆ. ದಾರಿಯ ಗುಂಡಿಗೆಲ್ಲಾ ನೀರು ನನ್ನ ಸೀರೆಗೆ.

ತಾಲೂಕು ಆಸ್ಪತ್ರೆಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಮೊದಲು ಕೇಳಿದ್ದು, "ತುಪ್ಪ ಗಿಪ್ಪ ಹಾಕಿದ್ರಾ?" ಇಲ್ಲ ಅಂದೆವು. ಅವರೂ ಒಂದು ಸಣ್ಣ ಕಾಗದದ ಚೂರನ್ನು ಕಣ್ಣಂಚಿಗೆ ಮುಟ್ಟಿಸಿ ಬಣ್ಣ ನೋಡಿದರು. ತಲೆಯಾಡಿಸಿದರು. ನನಗೆ ಉಸಿರು ಬಂದ ಹಾಗಾಯಿತು. ಆಮೇಲೆ ಒಂದು ಕಡ್ಡಿಯಿಂದ ಮೇಲಿನ ರೆಪ್ಪೆಯನ್ನು ಹೊರಳಿಸಿದರು, ಬಟ್ಟೆಯ ಮಡಿಕೆ ತೆಗೆದ ಹಾಗೆ. ಒಳಗೆ, ಯಾವ ನೀರೂ ತಾಗದ ಜಾಗದಲ್ಲಿ, ರಾಗಿ ಕಾಳಿನಷ್ಟು ಸುಣ್ಣ ಅಂಟಿಕೊಂಡು ಕೂತಿತ್ತು. ಅದಕ್ಕೆ ಕಾಗದ ಮುಟ್ಟಿಸಿದರೆ ಬಣ್ಣ ಗಾಢವಾಗಿ ತಿರುಗಿತು. ಜಗುಲಿಯಲ್ಲಿ ಹಳದಿ ಉಳಿದ ಪಟ್ಟಿ ನಮ್ಮನ್ನು ಪೂರ್ತಿ ನಂಬಿಸಿತ್ತು. ತಾಯಿ ಆ ಪಟ್ಟಿಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು. ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಹತ್ತಿಯಿಂದ ಕಾಳು ತೆಗೆದರು. ನರ್ಸಮ್ಮ ಒಂದು ಬಾಟಲಿ ತೂಗುಹಾಕಿ ಅದರ ಕೊಳವೆಯಿಂದ ಕಣ್ಣಿಗೆ ನೀರು ಬಿಡತೊಡಗಿದರು.

"ಅದ್ಯಾವ ನೀರವ್ವಾ?" ಎಂದು ಕೇಳಿದೆ.

"ಉಪ್ಪು ನೀರು ಕಣಜ್ಜಿ."

ನಾನು ಎದ್ದೇಬಿಟ್ಟೆ. ಡಾಕ್ಟರು ನಕ್ಕರು. "ಕೂತ್ಕಳ್ಳಜ್ಜಿ. ನಮ್ಮ ಕಣ್ಣೀರಿನಷ್ಟೇ ಉಪ್ಪು, ತೆಳ್ಳಗೆ. ಯಾಕೆ?"

ನಡೆದದ್ದೆಲ್ಲಾ ಹೇಳಿದೆ. ಡ್ರಮ್ಮು, ಚೆಂಬು, ಬಾಟಲಿ, ನಾಲಿಗೆ. ಅವರ ನಗು ಹೋಯಿತು.

"ಉರಿ ಹೆಚ್ಚಾಗಿರುತ್ತೆ, ನಿಜ. ಆದ್ರೆ ಆ ಹೊತ್ತಿಗೆ ಡ್ರಮ್ ನೀರೇ ಹೊಯ್ಯಬೇಕಿತ್ತು. ಸುಣ್ಣಕ್ಕೆ ಮೊದಲ ಗಳಿಗೆ ಮುಖ್ಯ. ನೀವು ಚೆಂಬು ಹಿಡಕೊಂಡು ನಿಂತ್ರಲ್ಲ, ರುಚಿ ನೋಡ್ತಾ ಕೂತ್ರಲ್ಲ, ಅಷ್ಟೂ ಹೊತ್ತು ಅದು ಒಳಗೆ ಸುಡ್ತಿತ್ತು."

"ಕಣ್ಣು?" ಅಂದಳು ತಾಯಿ.

"ಗುಡ್ಡೆ ಮೇಲೆ ಮಂಜು ಕಟ್ಟಿದೆ. ದಾವಣಗೆರೆಗೆ ಬರೆದುಕೊಡ್ತೀನಿ, ಇವತ್ತೇ ಹೋಗಿ. ಉಳಿಯಬಹುದು. ಈಗಲೇ ಹೇಳಕ್ಕಾಗಲ್ಲ."

ತಾಯಿ ನಮ್ಮ ಕಡೆ ತಿರುಗಿ ಒಂದೇ ಮಾತು ಅಂದಳು. "ಸಾಲಿಗೆ ಕಳ್ಸಿದ್ದೆ, ಕಣ್ಣು ಕಳಿಯಾಕೆ ಅಲ್ಲ."

ಮೇಡಂ ದಾವಣಗೆರೆಗೆ ಅವರ ಜೊತೆಗೇ ಹೋದರು. ನಾನು ನಲ್ಲೂರಿಗೆ ಬಂದೆ. ಮನೆಯಲ್ಲಿ ಸಾರಿಗೆ ಉಪ್ಪು ಹಾಕಲು ಕೈ ಬರುತ್ತಿರಲಿಲ್ಲ. ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು, ಬರದಿದ್ದರೂ ಹೊಡೆದುಕೊಳ್ಳುತ್ತಿತ್ತು. ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ, ಹನಿ ಬಿಡುತ್ತಿದ್ದಾರೆ, ಗಂಟೆಗೊಮ್ಮೆ, ರಾತ್ರಿಯೂ. ಪಟ್ಟಿ ಬಿಚ್ಚಿದ್ದಾರೆ, ಬೆಳಕು ಗೊತ್ತಾಗುತ್ತದೆ. ಬೆಳಕು ಗೊತ್ತಾಗುವುದು ಅಂದರೆ ಕಾಣುವುದೋ ಅಲ್ಲವೋ, ಅದನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಪಾಕೀಟು ಸುಣ್ಣವನ್ನು ಮೇಡಂ ಪೂರ್ತಿ ಬಿಟ್ಟರು. ಈಗ ಸುಣ್ಣದ ತಿಳಿನೀರನ್ನು ಮನೆಯಲ್ಲೇ ಮಾಡಿ, ಮುಚ್ಚಳ ಬಿಗಿದು, ನಾನೊಬ್ಬಳೇ ಮುಟ್ಟುವುದು, ಅದೂ ಹನಿ ಲೆಕ್ಕದಲ್ಲಿ. ಸಿಹಿ ನೀರಿನ ಎರಡು ಕ್ಯಾನ್ ಗಾಡಿಯಲ್ಲಿ ಇಲ್ಲದೆ ಡ್ರೈವರ್ ಕೀಲಿ ತಿರುಗಿಸುವುದಿಲ್ಲ. ಸೌಟು ಮನೆಯಲ್ಲಿದೆ. ಹೆದರಿಸಿದರೆ ಮಕ್ಕಳು ಬಾಯಿ ಉಳಿಸಿಕೊಳ್ಳಲು ಹೋಗಿ ಕಣ್ಣು ಕೊಡುತ್ತಾರೆ. ಅಷ್ಟು ಕಲಿತೆ.

ಮಳೆ ಹಿಡಿಯುವ ಮುಂಚೆ ಹೆಡ್ ಮೇಷ್ಟ್ರು ಫೋನ್ ಮಾಡಿ, ನಿಮ್ಮ ಸಾಮಾನು ಇಲ್ಲೇ ಉಳಿದಿದೆ, ತಗೊಂಡು ಹೋಗಿ ಅಂದರು. ನಾನು ಬರುವುದಿಲ್ಲ ಅಂದೆ. ಮೇಡಂ ಬಲವಂತ ಮಾಡಲಿಲ್ಲ, ಮನೆ ಮುಂದೆ ಗಾಡಿ ನಿಲ್ಲಿಸಿ ಸುಮ್ಮನೆ ಕುಳಿತರು. ಬೈದುಕೊಂಡು ಹತ್ತಿದೆ.

ಶಾಲೆಯ ಗೇಟಿನಲ್ಲೇ ಆ ತಾಯಿ ನಿಂತಿದ್ದಳು. ಪಕ್ಕದಲ್ಲಿ ಹುಡುಗಿ, ಕಪ್ಪು ಕನ್ನಡಕ, ಎರಡು ಜಡೆ. ನನ್ನ ಕಾಲು ಗಾಡಿಯಿಂದ ಇಳಿಯಲೊಲ್ಲದು.

"ಇಳಿಯಜ್ಜಿ," ಅಂದಳು ತಾಯಿ. "ಗುದ್ದೋದಿಲ್ಲ."

ಒಳಗೆ ಕಿಟಕಿಯಲ್ಲಿ ಲೋಟಗಳು ಹಾಗೇ ಇದ್ದವು. ಅಲುಗಿಸಬೇಡಿ ಅಂದದ್ದನ್ನು ಯಾರೂ ಮೀರಿರಲಿಲ್ಲ. ನೀರೆಲ್ಲಾ ಆರಿ, ದಾರದ ತುಂಬ ಹರಳು ಕಟ್ಟಿ, ಬಿಳಿ ಕಾಳಿನ ಸರದ ಹಾಗೆ ನಿಂತಿತ್ತು. ತಾಯಿ ಒಂದು ಹರಳನ್ನು ಬಿಡಿಸಿ ಮಗಳ ಅಂಗೈಯಲ್ಲಿಟ್ಟಳು. ಕನ್ನಡಕ ತೆಗೆದಳು. ಎಡಗಣ್ಣಿನ ಮೂಲೆಯಲ್ಲಿ ಬೂದಿಯ ಬಣ್ಣದ ಕಲೆಯೊಂದು ಉಳಿದಿತ್ತು. ತಾಯಿ ತನ್ನ ಅಂಗೈಯಿಂದ ಬಲಗಣ್ಣನ್ನು ಬಿಗಿಯಾಗಿ ಮುಚ್ಚಿದಳು.

"ದಿನಾ ಹಿಂಗೆ ನೋಡ್ತೀನಿ ನಾನು," ಅಂದಳು ನನಗೆ. "ಮೆಕ್ಕೆಜೋಳ ತೋರ್ಸಿದ್ರೆ ಹೇಳ್ತಾಳೆ. ಅದು ಗೊತ್ತಿರೋದು, ಅಂದಾಜಿನ ಮ್ಯಾಲೆ ಹೇಳಬೋದು. ಇದನ್ನ ಹೇಳ್ಲಿ ನೋಡಾನ. ಹೇಳೇ, ಹೆಂಗೈತೆ?"

ಹುಡುಗಿ ಅಂಗೈಯನ್ನು ಮುಖದ ಹತ್ತಿರ ತಂದಳು. ಮೇಡಂ ನನ್ನ ತೋಳು ಹಿಡಿದರು, ಅವರ ಕೈ ತಣ್ಣಗಿತ್ತು. ಹುಡುಗಿ ಕಿಟಕಿಯ ಬೆಳಕಿಗೆ ತಿರುಗಿದಳು, ಹರಳನ್ನು ಆಚೆ ಈಚೆ ಹೊರಳಿಸಿದಳು. ಮತ್ತೆ ಹೊರಳಿಸಿದಳು. ಇವಳಿಗೆ ಕಾಣುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಮುಗಿಸಿಬಿಟ್ಟಿದ್ದೆ.

"ಚೌಕ ಐತೆ," ಅಂದಳು. "ಡಬ್ಬಿ ಇದ್ದಂಗೆ. ಆದ್ರೆ ಒಂದು ಮೂಲಿ ಮುರಿದೈತೆ."

ನಾನು ಆ ಹರಳನ್ನು ಅವಳ ಕೈಯಿಂದ ನನ್ನ ಕೈಗೇ ತೆಗೆದುಕೊಂಡೆ. ಬೆಳಕಿಗೆ ಹಿಡಿದೆ. ನನ್ನ ಮುದಿ ಕಣ್ಣಿಗೆ ಒಂದು ಬಿಳಿ ಚುಕ್ಕೆ ಬಿಟ್ಟು ಏನೂ ಕಾಣಲಿಲ್ಲ. ಉಗುರಿನ ತುದಿಯಿಂದ ಒಂದೊಂದೇ ಮೂಲೆಯನ್ನು ಸವರಿದೆ. ಚೂಪು. ಚೂಪು. ಚೂಪು.

ಮುಂದಿನ ಮೂಲೆಯಲ್ಲಿ ಉಗುರು ಜಾರಿತು. ಮುರಿದಿತ್ತು.